ಹೊಸಿಲ ಕೆಳಗಿನ ಪಾದ್ರಿ

ಇಂಗ್ಲೆಂಡಿನ ಆ ಚರ್ಚಿನ ಬಾಗಿಲಲ್ಲಿ ನಾನು ಮಾಡಿದ ಮೊದಲ ಕೆಲಸ ಶೂ ಬಿಚ್ಚಿದ್ದು. ಒಳಗೆ ನೆಲ ಸ್ವಚ್ಛ ಮಾಡುತ್ತಿದ್ದ ವಯಸ್ಸಾದ ಹೆಂಗಸು ಮೆಷಿನ್ ನಿಲ್ಲಿಸಿ, ಕಲ್ಲು ತಣ್ಣಗಿದೆ, ಹಾಕಿಕೊಳ್ಳಿ ಎಂದರು. ಪತ್ರಕರ್ತರ ತರಬೇತಿಯೊಂದಕ್ಕೆ ಹೋಗಿದ್ದೆ. ಶನಿವಾರ ರಜೆ. ಮಳೆ ಹನಿಯುತ್ತಿತ್ತೆಂದು ಒಳಗೆ ಹೊಕ್ಕಿದ್ದೆ.

ಗೋಡೆಯ ತುಂಬ ಸತ್ತವರ ಹೆಸರುಗಳು. ಹುಟ್ಟಿದ ವಾರಕ್ಕೇ ಹೋದ ಮಗು, ಹಡಗಿನಲ್ಲಿ ತೀರಿಕೊಂಡವನು, ಮದ್ರಾಸಿನಲ್ಲಿ ಜ್ವರಕ್ಕೆ ಬಲಿಯಾದ ಅಧಿಕಾರಿ. ಯುದ್ಧದಲ್ಲಿ ಮಡಿದವರದು ಬೇರೆಯೇ ಹಲಗೆ. ಒಂದೇ ಮನೆತನದ ಹೆಸರು ಅದರಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಕೆಳಗೆ ಕಾಗದದ ಕೆಂಪು ಹೂಗಳನ್ನು ಇಟ್ಟಿದ್ದರು. ಅದೆಲ್ಲ ಸರಿ. ಆದರೆ ನೆಲಕ್ಕೆ ಹಾಸಿದ್ದೂ ಸಮಾಧಿ ಕಲ್ಲುಗಳೇ. ಆ ಹೆಂಗಸು ಅವುಗಳ ಮೇಲೆಯೇ ಮೆಷಿನ್ ಎಳೆಯುತ್ತಿದ್ದರು. ನಾನು ಕಲ್ಲುಗಳ ಸಂದಿಯಲ್ಲಿ ಕಾಲಿಡುತ್ತಿದ್ದುದನ್ನು ನೋಡಿ ನಕ್ಕರು. ನನ್ನನ್ನು ಹೊಸಿಲ ಬಳಿ ಕರೆದೊಯ್ದು ಒಂದು ಕಲ್ಲು ತೋರಿಸಿದರು. ಅಕ್ಷರಗಳು ಪೂರಾ ಸವೆದಿದ್ದವು. ಅದು ಆ ಚರ್ಚಿನ ಒಬ್ಬ ಪಾದ್ರಿಯದಂತೆ. ಬರುವವರು ಹೋಗುವವರು ತನ್ನನ್ನು ತುಳಿದೇ ಓಡಾಡಲಿ, ಇಲ್ಲೇ ಹೂಳಿ ಎಂದು ಕೇಳಿಕೊಂಡಿದ್ದನಂತೆ. ಇದು ಅವರು ಹೇಳಿದ ಮಾತು. ದಾಖಲೆ ನಾನು ನೋಡಿಲ್ಲ. ಹೊರಗೆ ಬರುವಾಗ ನಾನು ಆ ಕಲ್ಲನ್ನು ದಾಟಿ ಬಂದೆ. ತುಳಿಯಲು ಕಾಲು ಬರಲಿಲ್ಲ.

ಅದಕ್ಕೆ ಕಾರಣ ಊರಿನಲ್ಲಿತ್ತು. ಹುಲ್ಲಹಳ್ಳಿ ಕಡೆ ನಮ್ಮ ಹೊಲದ ಅಂಚಿನಲ್ಲಿ ಅಪ್ಪನ ಗದ್ದುಗೆ ಇದೆ. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತೇವೆ. ಮೇಲೆ ಕಟ್ಟುವ ಸಣ್ಣ ಕಟ್ಟೆಯೇ ಗದ್ದುಗೆ. ಅವ್ವ ಸೋಮವಾರಗಳಂದು ಅಲ್ಲಿ ದೀಪ ಹಚ್ಚುತ್ತಿದ್ದಳು. ಆ ವರ್ಷ ನಾಲೆಯ ಏರಿ ಕುಸಿದು, ಅದರ ಮೇಲಿದ್ದ ಗಾಡಿದಾರಿ ಹೋಯಿತು. ಒಳಗಿನ ಹೊಲ ನನ್ನ ಚಿಕ್ಕಪ್ಪನ ಮಗನದು, ವರಸೆಯಲ್ಲಿ ನನಗೆ ತಮ್ಮ. ಅವನ ಕಬ್ಬು ಕಟಾವಿಗೆ ಬಂದಿತ್ತು. ಟ್ರ್ಯಾಕ್ಟರು ಹೋಗಲು ಉಳಿದದ್ದು ನಮ್ಮ ಹೊಲದ ಅಂಚೊಂದೇ. ಗದ್ದುಗೆಯನ್ನು ನೆಲಸಮ ಮಾಡಿ ದಾರಿ ಬಿಡಬೇಕೆಂದು ಅವನು ಕೇಳಿದ್ದ. ಅವ್ವ ಒಪ್ಪಿರಲಿಲ್ಲ.

ನಾನು ವಾಪಸು ಬಂದಾಗಲೂ ಮಾತು ಅಲ್ಲೇ ನಿಂತಿತ್ತು. ನಾನು ಕೆಲಸ ಮಾಡುವುದು ತಿ. ನರಸೀಪುರದಲ್ಲಿ. ಅಲ್ಲಿಂದ ಬಸ್ಸು ಹಿಡಿದು ಊರು ಸೇರುವ ಹೊತ್ತಿಗೆ ಆ ತಮ್ಮ ನಮ್ಮ ಜಗಲಿಯ ಮೇಲೆ ಕೂತಿದ್ದ.

"ಏನಾರ ಒಂದು ಯೋಳು ದೊಡ್ಡವ್ವ. ಕಬ್ಬು ಒಣಗ್ತಾ ಅದೆ," ಅಂದ.

"ತಲೆ ಮೇಲೆ ಒತ್ಕಂಡು ಸಾಗ್ಸು. ನಿಮ್ಮಪ್ಪ ಸಾಗುಸ್ನಿಲ್ವಾ?" ಅಂದಳು ಅವ್ವ.

"ಅಷ್ಟನ್ನೂ ಒತ್ರೆ ನಂಗೂ ನಿಮ್ ಒಲದಲ್ಲೇ ಗುಣಿ ತೋಡ್ಬೇಕಾಯ್ತದೆ."

ಅವ್ವ ನಕ್ಕಳು. ಅದೇ ಸಮಯವೆಂದು ನಾನು ಚರ್ಚಿನ ವಿಷಯ ಹೇಳಿದೆ.

"ಸತ್ತೋರ ಮೇಲೆ ಮೆಟ್ಟು ಹಾಕ್ಕಂಡು ಓಡಾಡ್ತಾರಾ? ಕೇಳೋರಿಲ್ವಾ ಆ ಊರ್ನಲ್ಲಿ?" ಅಂದಳು.

"ಆ ಪಾದ್ರಿ ತಾನೇ ಕೇಳ್ಕೊಂಡಿದ್ನಂತೆ ಕಣವ್ವ."

ಅವ್ವ ಎಲೆಗೆ ಸುಣ್ಣ ಹಚ್ಚಿ ಮಡಿಸಿದಳು. "ಅವ್ನು ಕೇಳ್ಕಂಡವ್ನೆ, ಸರಿ. ನಿಮ್ಮಪ್ಪ ಕೇಳ್ಕಂಡಿದ್ರಾ? ಕೂತವ್ರಲ್ಲೋ ಅವ್ರು. ಕೂತೋರ ತಲೆ ಮೇಲೆ ಟ್ಯಾಕ್ಟ್ರು ಓಡಿಸ್ತೀರಾ?"

ಅಪ್ಪ ಏನೂ ಹೇಳಿ ಹೋಗಿರಲಿಲ್ಲ. ಕೊನೆಯ ದಿನ ಕೇಳಿದ್ದು ನಾಲೆಗೆ ನೀರು ಬಂತಾ ಎಂದಷ್ಟೇ.

ಮರುದಿನ ಬೆಳಿಗ್ಗೆ ಅವ್ವನೇ ನಮ್ಮಿಬ್ಬರನ್ನೂ ಹೊಲಕ್ಕೆ ಕರೆದೊಯ್ದಳು. ಗದ್ದುಗೆಯ ಪಕ್ಕದ ಖಾಲಿ ನೆಲದಲ್ಲಿ ನಿಂತಳು. ಟ್ರ್ಯಾಕ್ಟರಿಗೆ ಸಾಕಾಗುವಷ್ಟು ಅಗಲವಿತ್ತು.

"ಇದು ನಿಮ್ ಕಣ್ಗೆ ಬೀಳ್ನಿಲ್ವಾ?"

ಬಿದ್ದಿತ್ತು. ಅದು ಅಪ್ಪನ ಪಕ್ಕದಲ್ಲಿ ಅವಳಿಗೆಂದು ಬಿಟ್ಟ ಜಾಗ. ಬದುಕಿರುವವರ ಗುಣಿಯ ಮಾತನ್ನು ನಮ್ಮಲ್ಲಿ ಯಾರೂ ಎತ್ತುವುದಿಲ್ಲ. ಹಾಗಾಗಿ ಇಷ್ಟು ದಿನ ಗದ್ದುಗೆಯನ್ನು ಏನು ಮಾಡುವುದೆಂದು ಜಗಳವಾಡಿದೆವೇ ಹೊರತು, ಪಕ್ಕದ ನೆಲದ ಹೆಸರನ್ನು ಒಬ್ಬರೂ ಹೇಳಿರಲಿಲ್ಲ.

"ದೊಡ್ಡವ್ವ, ಅದು ನಿಂದು…" ಅಂದ ತಮ್ಮ.

"ನಂದೇ. ಅದ್ಕೇ ಕೊಡ್ತಾ ಇವ್ನಿ."

"ಆಮೇಕೆ ನಿನ್ನ ಎಲ್ಲಿ…" ಎಂದವನು ನಾಲಿಗೆ ಕಚ್ಚಿಕೊಂಡ.

"ಇಲ್ಲೇ ಕಣ್ಲಾ. ಇನ್ನೆಲ್ಗೆ ಓಗ್ಲಿ ಅವ್ರುನ್ನ ಬುಟ್ಟು? ಆಳ್ವಾಗಿ ತೋಡಿ, ಚಕ್ರ ತಲೆಗೆ ತಗಲ್ದಂಗೆ. ಮ್ಯಾಲೆ ಏನೂ ಕಟ್ಬ್ಯಾಡಿ. ಅವ್ರಿಗೆ ಗಲಾಟೆ ಆಗ್ತಿರ್ನಿಲ್ಲ. ನಂಗೆ ಜನ ಓಡಾಡ್ತಿರ್ಬೇಕು."

ಆ ಸುಗ್ಗಿಯಲ್ಲಿ ಕಬ್ಬು ಆ ದಾರಿಯಲ್ಲೇ ಹೋಯಿತು. ಅವ್ವ ಗದ್ದುಗೆಯ ಮೇಲೆ ಕೈಯೂರಿ ನಿಂತು, ಡ್ರೈವರಿಗೆ ಈ ಕಡೆ ಆ ಕಡೆ ಎಂದು ಕೈ ತೋರಿಸುತ್ತಿದ್ದಳು.

ಅವಳು ತೀರಿಕೊಂಡಾಗ ಹೇಳಿದಂತೆಯೇ ಮಾಡಿದೆವು. ಆಳವಾಗಿ ತೋಡಿ, ಅಪ್ಪನ ಪಕ್ಕದಲ್ಲಿ ಕೂರಿಸಿ, ಮಣ್ಣು ತುಂಬಿ ಸಮ ಮಾಡಿದೆವು. ಮಣ್ಣಿನ ಕಾರ್ಯ ಮಾಡಿಸಿದ ಸ್ವಾಮಿಗಳು ಗುರುತಿಗೆ ಒಂದು ಕಲ್ಲಾದರೂ ಇರಲಿ ಎಂದರು. ತಮ್ಮ, ಬೇಡ ಬುದ್ಧಿ, ದೊಡ್ಡವ್ವ ಬೈತಾಳೆ ಅಂದ.

ಮುಂದಿನ ಕಟಾವಿನ ದಿನ ನಾನೂ ಹೊಲದಲ್ಲಿದ್ದೆ. ಕಬ್ಬು ಹೇರಿದ ಟ್ರ್ಯಾಕ್ಟರು ಅಲ್ಲಿಗೆ ಬರುತ್ತಿದ್ದಂತೆ, ಡ್ರೈವರಿನ ಪಕ್ಕ ಕೂತಿದ್ದ ತಮ್ಮ ಕೈಯೆತ್ತಿ ನಿಲ್ಲಿಸಿದ. ಇಳಿದು ಚಪ್ಪಲಿ ಬಿಟ್ಟು ನೆಲ ಮುಟ್ಟಿದ. ಆಮೇಲೂ ಮುಂದೆ ಹೋಗು ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಹಿಂದೆ ಇನ್ನೊಂದು ಟ್ರ್ಯಾಕ್ಟರು ಹಾರನ್ ಹೊಡೆಯಿತು. ಕೊನೆಗೆ ಅವನೇ ಬರಿಗಾಲಲ್ಲಿ ಮುಂದೆ ನಡೆದ. ಚಕ್ರಗಳು ಅವನ ಹಿಂದೆ ಬಂದವು.

ಈಗ ಅಲ್ಲಿ ಎರಡು ಚಕ್ರದ ಜಾಡು, ನಡುವೆ ಹುಲ್ಲು. ಊರಿಗೆ ಹೋದಾಗ ಗದ್ದುಗೆಗೆ ದೀಪ ಹಚ್ಚಿ ನಾನೂ ಆ ದಾರಿಯಲ್ಲೇ ವಾಪಸು ಬರುತ್ತೇನೆ. ಅವ್ವ ಇರುವ ಜಾಗವನ್ನು ದಾಟಿಕೊಂಡು ಬರುವುದಿಲ್ಲ. ಅವಳು ಕೇಳಿಕೊಂಡಿದ್ದಾಳೆ; ಚಪ್ಪಲಿ ಕೈಯಲ್ಲಿ ಹಿಡಿದು, ತುಳಿದೇ ಬರುತ್ತೇನೆ.