ರಾಯಚೂರಿನ ಕೋಣೆಯಲ್ಲಿ ಅಕ್ಕನ ಇಂಗ್ಲಿಷ್ ಪಾಠ

ಮಕ್ಕಳೇ, ನಿಮ್ಮ ಅಕ್ಕ ಓದನ್ನು ಅರ್ಧಕ್ಕೆ ಬಿಟ್ಟಳು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಅವಳು ಬಿಟ್ಟಿದ್ದಲ್ಲ. ನಿಮ್ಮ ಅಜ್ಜಿ ನಾನು ಜೊತೆಗಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ. ಬಾಯಿಬಿಟ್ಟು ಹೇಳುವುದು ನನ್ನಿಂದ ಆಗದು.

ನಿಮ್ಮ ಅಜ್ಜ ಹೋದ ಮೇಲೆ, ಕಾಲೇಜು ಓದುತ್ತಿದ್ದ ಅಕ್ಕನಿಗೆ ರೊಟ್ಟಿ ಬಡಿದು ಹಾಕಲು ನನ್ನನ್ನು ದೇವದುರ್ಗದಿಂದ ರಾಯಚೂರಿಗೆ ಕಳಿಸಿದರು. ಒಂದೇ ಕೋಣೆ. ಇಂಗ್ಲಿಷ್ ಪೇಪರಿನಲ್ಲಿ ಅವಳು ಒಮ್ಮೆ ಫೇಲಾಗಿದ್ದಳು. ವ್ಯಾಕರಣದ ಜೊತೆಗೆ ಸಿನಿಮಾ ವಿಮರ್ಶೆ ಬರೆಯುವುದೂ ಅದರಲ್ಲಿತ್ತು. ಈ ಸಲವೂ ಹೋದರೆ ಮಾನ್ವಿಯ ಗಂಡಿನ ಸಂಬಂಧ ಗಟ್ಟಿ ಎಂದು ನಿಮ್ಮ ಅಪ್ಪ ಹೇಳಿಬಿಟ್ಟಿದ್ದ. ಕಾಲೇಜಿನಲ್ಲಿ ಆ ಪಾಠ ಹೇಳುವವರು ಇರಲಿಲ್ಲ. ಫೋನೇ ಮಾಸ್ತರು.

ಫೋನಿನೊಳಗೆ ಒಬ್ಬ ಹಿಂದಿಯಲ್ಲಿ ಇಂಗ್ಲಿಷ್ ಕಲಿಸಿದರೆ, ಇನ್ನೊಬ್ಬಾಕೆ ಇಂಗ್ಲಿಷಿನಲ್ಲೇ ಗಡಗಡ ಹೇಳಿಕೊಂಡು ಹೋಗುವಳು. ಪಾಠ ಹಿಡಿತಕ್ಕೆ ಬರುವಷ್ಟರಲ್ಲಿ ಸೋಪಿನ ಜಾಹೀರಾತು. ಅಕ್ಕ ಹಿಂದಕ್ಕೆ ಎಳೆದು ಮತ್ತೆ ಕೇಳುವಳು. ಕನ್ನಡದಲ್ಲಿ ಹೇಳಿಕೊಡುವವರೂ ಇದ್ದರು, ಆದರೆ ಅವರದು ವ್ಯಾಕರಣಕ್ಕೇ ಮುಗಿಯುತ್ತಿತ್ತು.

ವಿಮರ್ಶೆ ಬರೆಯುವ ಮೊದಲು, ನೋಡಿದ ಸಿನಿಮಾದ ಕಥೆಯನ್ನು ನನಗೆ ಹೇಳುವಳು.

"ಆಮ್ಯಾಲ ಆ ಹುಡುಗಿ ಏನಾದ್ಲು?"

"ಕೊನಿ ಹೇಳಬಾರ್ದಂತ ಅಜ್ಜಿ. ವಿಮರ್ಶಿ ಬರಿಯೋರು ಕೊನಿ ಬಿಟ್ಟುಕೊಡಂಗಿಲ್ಲ."

"ಹಂಗಾರ ಚಾಲೂ ಯಾಕ ಮಾಡ್ದಿ? ಈಗ ನನಗ ನಿದ್ದಿ ಹೆಂಗ ಬರಬೇಕು?"

ಇಬ್ಬರೂ ನಗುತ್ತಿದ್ದೆವು. ಆ ಹುಡುಗಿ ಬಾಗಿಲಲ್ಲಿ ನಿಂತದ್ದನ್ನು ಅಕ್ಕ ಹೇಳಿದರೆ ಬಾಗಿಲೂ ನನ್ನ ಕಣ್ಣಿಗೆ ಕಾಣುತ್ತಿತ್ತು. ಅದನ್ನೇ ಇಂಗ್ಲಿಷಿನಲ್ಲಿ ಬರೆಯಲು ಕುಳಿತರೆ ಎರಡು ಸಾಲಿಗೆ ಪೆನ್ನು ನಿಲ್ಲುವುದು. ಆಗ ಯಾವುದೋ ವೆಬ್‌ಸೈಟಿನ ಮಾದರಿ ವಿಮರ್ಶೆಗಳನ್ನು ಬಾಯಿಪಾಠ ಮಾಡುವಳು. ಆ ಸಿನಿಮಾಗಳನ್ನು ಅವಳು ನೋಡಿರಲೇ ಇಲ್ಲ.

ಪರೀಕ್ಷೆಯಲ್ಲಿ, ನೀವು ನೋಡಿದ ಸಿನಿಮಾದ ಬಗ್ಗೆ ನಿಮಗೆ ಅನಿಸಿದ್ದನ್ನು ಬರೆಯಿರಿ ಎಂದು ಕೇಳಿದರಂತೆ.

"ಎಲ್ಲಾ ಕನ್ನಡದಾಗ ಬಂತು ಅಜ್ಜಿ, ಇಂಗ್ಲಿಷ್ ಒಂದೂ ಬರ್ಲಿಲ್ಲ," ಎಂದು ಬಂದು ಗೋಡೆಗೆ ಮುಖ ಮಾಡಿ ಮಲಗಿದಳು.

ಅವಳು ಮತ್ತೆ ಫೇಲಾದಳೆಂದು ತಿಳಿದ ಮರುದಿನವೇ ನಿಮ್ಮ ಅಪ್ಪ ಟಂಟಂ ಗಾಡಿ ತಂದು ಸಾಮಾನು ಏರಿಸತೊಡಗಿದ. ಮಗನಿಗೆ ನಾನು ಎಂದೂ ಎದುರು ಮಾತಾಡಿದವಳಲ್ಲ. ಅಂದು ಬಾಗಿಲಿಗೆ ಅಡ್ಡ ನಿಂತೆ.

"ಇನ್ನೊಂದ್ಸಲ ಬರೀಲಿ ಬಿಡೋ ಯಪ್ಪಾ. ಒಂದ ಪೇಪರ್ ಉಳದದ."

"ಏನ್ ಯವ್ವಾ, ಫೋನ್ ನೋಡಿ ನೀನೂ ಭಾಷಣ ಕಲ್ತೇನು? ಸರೀ ಆ ಕಡಿ. ಗಂಡಿನೋರು ಐತವಾರ ಬರ್ತಾರ."

ಭುಜ ಹಿಡಿದು ನನ್ನನ್ನು ಪಕ್ಕಕ್ಕೆ ಸರಿಸಿ, ಸಿಲಿಂಡರ್ ಎತ್ತಿಕೊಂಡು ಹೋದ. ಸಿಟ್ಟು ಮಾಡಿದ್ದರೆ ಇನ್ನೂ ಒಂದು ಮಾತು ಆಡುತ್ತಿದ್ದೆನೇನೋ. ಅವನಿಗೆ ಸಿಟ್ಟೂ ಬರಲಿಲ್ಲ.

ನಿಶ್ಚಯದ ದಿನ ಅಕ್ಕನ ಫೋನಿನಲ್ಲಿ ಫೋಟೋ ಹಿಡಿಯಲು ನೀವೇ ಓಡಾಡಿದಿರಿ. ಫೋಟೋ ಇಡಲು ಜಾಗ ಇಲ್ಲ ಎಂದು ಫೋನ್ ನಿಂತಿತು. ಅವಳು ಅದನ್ನು ನಿಮ್ಮ ಕೈಯಿಂದ ತೆಗೆದುಕೊಂಡು, ಇಳಿಸಿಟ್ಟುಕೊಂಡಿದ್ದ ಪಾಠಗಳನ್ನು ಒಂದೊಂದಾಗಿ ಅಳಿಸಿದಳು. ವ್ಯಾಕರಣದವು ಮೊದಲು, ಆಮೇಲೆ ಸಿನಿಮಾದವು.

"ಈಗ ಹಿಡೀರಿ," ಎಂದು ಫೋನ್ ಕೊಟ್ಟು, ಸೆರಗು ಸರಿಮಾಡಿಕೊಂಡು ಕುಳಿತಳು.