ನಮ್ಮಜ್ಜಿಯನ್ನು ಕಚ್ಚದ ನಾಯಿ

ನಮ್ಮ ಮನೆಯ ಭಾಷೆಯಲ್ಲಿ 'ನಾನು' ಅನ್ನುವುದಕ್ಕೆ 'ಙಾಯ್' ಅನ್ನುತ್ತೇವೆ. ಅಮ್ಮನನ್ನು 'ಆಮೆ' ಎಂದು ಕರೆಯುತ್ತೇವೆ. ಕನ್ನಡ ಶಾಲೆಯಲ್ಲಿ ಓದಿದವಳಿಗೆ ಇದಕ್ಕಿಂತ ದೊಡ್ಡ ಗ್ರಹಚಾರ ಬೇಕೆ? ವರ್ಣಮಾಲೆಯಲ್ಲಿ ಙ ಎಂಬ ಅಕ್ಷರವನ್ನು ಎಲ್ಲರೂ ಬಾಯಿಪಾಠ ಮಾಡಿ ಮರೆತುಬಿಡುತ್ತಾರೆ. ನಮಗೆ ಮಾತ್ರ ಅದಿಲ್ಲದೆ ದಿನ ಸಾಗುವುದಿಲ್ಲ.

ಅಪ್ಪ ಅಮ್ಮ ಕಲ್ಕತ್ತೆಯ ಚೀನೀ ಕೇರಿಯಿಂದ ಕೋಲಾರಕ್ಕೆ ಬಂದು ಚಪ್ಪಲಿ ಅಂಗಡಿ ಇಟ್ಟವರು. ನಾನು ಹುಟ್ಟಿದ್ದು ಇಲ್ಲೇ. ಗಿರಾಕಿಗಳ ಜೊತೆ ಕನ್ನಡ, ಶ್ರೀನಿವಾಸಪುರದ ಕಡೆಯವರು ಬಂದರೆ ತೆಲುಗು. ನಮ್ಮ ಭಾಷೆ ಮಾತ್ರ ಹೊಸ್ತಿಲು ದಾಟುವಂತಿಲ್ಲ, ಅದು ಅಪ್ಪನ ಕಟ್ಟಪ್ಪಣೆ. ಚೀನಾ ಯುದ್ಧದ ಕಾಲದಲ್ಲಿ ಚೀನೀಯನೆಂದು ತಾತನನ್ನು ಪೊಲೀಸರು ಕರೆದುಕೊಂಡು ಹೋಗಿ ವರ್ಷಗಟ್ಟಲೆ ಕೂಡಿಹಾಕಿದಾಗ ಅಪ್ಪ ಸಣ್ಣ ಹುಡುಗ. ಮನೆಯ ಮಾತು ಬೀದಿಗೆ ಕೇಳಿಸಿದ್ದರಿಂದಲೇ ಹಾಗಾಯಿತೆಂದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಯಾವ ಕಡೆಯವರು ಎಂದು ಯಾರಾದರೂ ಕೇಳಿದರೆ, 'ನೇಪಾಳದ ಕಡೆ' ಅನ್ನುತ್ತಿದ್ದ. ನನಗೆ ಮೈ ಉರಿಯುತ್ತಿತ್ತು.

ತಾತ ತೀರಿಕೊಂಡ ಮೇಲೆ ಅಜ್ಜಿ ನಮ್ಮ ಜೊತೆ ಇರಲು ಬಂದಳು. ಕನ್ನಡ ಬಾರದು, ಬರುವ ಭಾಷೆ ಆಡುವಂತಿಲ್ಲ. ಕೇರಿಯವರು ಆಕೆಗೆ ಮಾತೇ ಬಾರದೆಂದು ತಿಳಿದು ಕೈಸನ್ನೆ ಮಾಡುತ್ತಿದ್ದರು. ಮನೆಯೊಳಗೆ ಕಾಲಿಟ್ಟರೆ ಅದೇ ಅಜ್ಜಿಯದು ಅರಳು ಹುರಿದಂಥ ಮಾತು.

ಕೊರೊನಾದ ವರ್ಷ. ಟಿವಿಯಲ್ಲಿ ದಿನವೂ ಚೀನಾ ಗಡಿಯ ಜಗಳ ಬೇರೆ. ಒಂದು ಮಧ್ಯಾಹ್ನ ಅಂಗಡಿಯ ಹಿಂದೆ ಅಜ್ಜಿ ಕಾಲು ಹಿಡಿದುಕೊಂಡು ಕೂತಿದ್ದಳು, ರಕ್ತ ಸುರಿಯುತ್ತಿತ್ತು. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಆಟೋದಲ್ಲಿ ಡ್ರೈವರ್ ಇದ್ದ. ಹಾಗಾಗಿ ಏನಾಯಿತೆಂದು ಅಪ್ಪ ಅವಳನ್ನು ಕೇಳಲಿಲ್ಲ, ನನ್ನನ್ನೂ ಕೇಳಗೊಡಲಿಲ್ಲ.

ಆಸ್ಪತ್ರೆಯಲ್ಲಿ ನರ್ಸು ಗಾಯ ಮುಟ್ಟಿದಳು. ಅಜ್ಜಿ ತಡೆಯಲಾರದೆ ಎದೆ ಮುಟ್ಟಿಕೊಂಡು, ಕಾಲು ತೋರಿಸಿ, "ಙಾಯ್... ಙಾಯ್..." ಎಂದಳು.

"ನಾಯಾ? ಬೀದಿ ನಾಯಾ ಅಜ್ಜಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ, "ಹೌದು ಸಿಸ್ಟರ್, ನಾಯಿ" ಅಂದುಬಿಟ್ಟ.

ನಮ್ಮ ಹಿಂದೆ ಸಾಲಿನಲ್ಲಿದ್ದ ಒಬ್ಬಾಕೆ ತೆಲುಗಿನಲ್ಲಿ, "ಕುಕ್ಕ ಕರ್ಚಿಂದಂಟ, ಪಾಪಂ" ಅಂದಳು. ಅವಳ ಹಿಂದಿನವರು ಅದನ್ನು ಉರ್ದುವಿಗೆ ದಾಟಿಸಿದರು. ಹೀಗೆ ಇಲ್ಲದ ನಾಯಿ ನಮ್ಮಜ್ಜಿಯನ್ನು ಮೂರು ಭಾಷೆಗಳಲ್ಲಿ ಕಚ್ಚಿತು.

"ನಾಯಿ ಕಚ್ಚಿದ್ದಕ್ಕೆ ಹೊಲಿಗೆ ಹಾಕಲ್ಲ, ತೊಳೆದು ಇಂಜೆಕ್ಷನ್ ಕೊಡ್ತೀವಿ" ಎಂದು ನರ್ಸು ಸಿರಿಂಜ್ ತರಲು ಹೊರಟಳು. ಅಜ್ಜಿ ಇನ್ನೂ ಕಾಲು ತೋರಿಸುತ್ತಲೇ ಇದ್ದಳು. ಹೆತ್ತ ತಾಯಿಗೆ ಹುಚ್ಚುನಾಯಿಯ ಸೂಜಿ ಚುಚ್ಚಿದರೂ ಸರಿ, ನಮ್ಮ ಭಾಷೆ ಹೊರಬೀಳಬಾರದು! ನನಗೆ ಅಪ್ಪನ ಮೇಲೆ ಅಸಹ್ಯವೇ ಬಂತು.

"ಸಿಸ್ಟರ್, ನಾಯಿ ಅಲ್ಲ. ನಮ್ ಭಾಷೇಲಿ ಙಾಯ್ ಅಂದ್ರೆ ನಾನು ಅಂತ."

"ಯಾವ್ ಭಾಷೇಮ್ಮಾ ಅದು?"

ಅಪ್ಪ ನನ್ನ ತೋಳು ಚಿವುಟಿದ. ಚಿವುಟಲಿ ಎಂದುಕೊಂಡೆ.

"ಚೀನಾದ್ದು. ನಾವು ಚೀನಾದೋರು. ಕೋಲಾರದೋರೂ ಹೌದು."

ಸಾಲು ಹಿಂದೆ ಸರಿಯಿತು. ಒಬ್ಬಾತ ಮಾಸ್ಕ್ ಮೂಗಿಗೆ ಏರಿಸಿಕೊಂಡು, "ಎಲ್ಲಾ ನಿಮ್ಮಿಂದ್ಲೇ ಕಣಮ್ಮಾ ಆಗಿದ್ದು" ಅಂದ.

ಅವನ ಕಾಲು ನೋಡಿದೆ. "ಅಣ್ಣಾ, ಈ ಚಪ್ಪಲಿ ನಮ್ಮ ಅಂಗಡೀದೇ. ಬಿಟ್ಟು ಹೋಗ್ತೀರಾ?"

ತೆಲುಗಿನಾಕೆ ಕಿಸಕ್ಕನೆ ನಕ್ಕಳು. ಆತ ಮುಖ ತಿರುಗಿಸಿಕೊಂಡ.

ಆಮೇಲೆ ನಾನು ಅಜ್ಜಿಯ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, ನಮ್ಮ ಭಾಷೆಯಲ್ಲಿ ಏನಾಯಿತೆಂದು ಕೇಳಿದೆ. ಅವಳು ಮೊದಲು ಮಗನ ಮುಖ ನೋಡಿದಳು. ಅಷ್ಟು ವಯಸ್ಸಾದವಳು ಮಾತಾಡಲು ಅಪ್ಪಣೆ ಕೇಳುತ್ತಿದ್ದಳು. ಅಪ್ಪ ತಲೆ ತಗ್ಗಿಸಿದ. ಅವಳು ಶುರು ಮಾಡಿದಳು ನೋಡಿ, ನಿಲ್ಲಿಸಲೇ ಇಲ್ಲ. ಗಿರಾಕಿಗಳು ಕಾಲು ನೋಡಿಕೊಳ್ಳುತ್ತಿದ್ದ, ಈಗ ಅಂಗಡಿಯ ಹಿಂದೆ ಹಾಕಿದ್ದ ಹಳೆಯ ಕನ್ನಡಿಯ ಮೇಲೆ ಬಿದ್ದಿದ್ದಳಂತೆ. ಗಾಜಿನ ಚೂರು ಒಳಗೇ ಇದೆ ಎಂದು ಅಷ್ಟು ಹೊತ್ತಿನಿಂದ ತೋರಿಸುತ್ತಿದ್ದಳು.

ಡಾಕ್ಟರು ಚೂರು ತೆಗೆದು ಹೊಲಿಗೆ ಹಾಕಿದರು.

ಆಸ್ಪತ್ರೆಯ ಗೇಟು ದಾಟಿದ್ದೇ ತಡ, ಅಪ್ಪ ನನ್ನನ್ನು ಹಿಡಿದುಕೊಂಡ. ನಿನಗೆ ಬುದ್ಧಿ ಇದೆಯಾ, ನಾಳೆ ಅಂಗಡಿಗೆ ಕಲ್ಲು ಬಿದ್ದರೆ ಏನು ಮಾಡುತ್ತೀಯೆ, ನಿನ್ನ ತಾತನ ಗತಿ ಗೊತ್ತಿಲ್ಲವೆ? ನಡುಬೀದಿಯಲ್ಲಿ, ಆಟೋದವರು ಕತ್ತೆತ್ತಿ ನೋಡುವಂತೆ, ಗಂಟಲು ಹರಿಯುವ ಹಾಗೆ ಬೈದ. ಅಷ್ಟನ್ನೂ ನಮ್ಮ ಭಾಷೆಯಲ್ಲೇ ಬೈಯುತ್ತಿದ್ದಾನೆ ಅನ್ನುವುದು ಅವನ ಗಮನಕ್ಕೇ ಬಂದಿರಲಿಲ್ಲ.

ಅಜ್ಜಿ ನನ್ನ ಕೈ ಅದುಮಿದಳು. ಇನ್ನಷ್ಟು ಬೈಯಲಿ ಎಂದು ನಾನು ನಿಂತೇ ಇದ್ದೆ.