ಕಾಕಾನ ಮೋಟಾರಿಗೆ ಹೊಸ ಕಮಾನು

ಭಾಲ್ಕಿಯಲ್ಲಿ ಆಗ ಮೋಟಾರುಗಳೇ ಅಪರೂಪ. ಆದರೂ ನಮ್ಮ ಕಾಕಾ ತನ್ನ ಗಾಡಿ ನಿಲ್ಲಿಸಿ "ಬರ್ರಿ, ಕೂಡ್ರಿ" ಅಂದರೆ, ಒಮ್ಮೆ ಕೂತು ಅನುಭವಿಸಿದವರು "ಇಲ್ರಿ, ನಡಕೋತ ಹೋಗ್ತೇನಿ" ಎಂದು ಕೈ ಮುಗಿಯುತ್ತಿದ್ದರು. ನಿಜಾಮರ ಆಳ್ವಿಕೆ ಮುಗಿದ ಮೇಲೆ ಹೈದರಾಬಾದಿಗೆ ಹೊರಟುಹೋದ ಜಾಗೀರದಾರರೊಬ್ಬರಿಂದ ಕಾಕಾ ಅದನ್ನು ಕೊಂಡಿದ್ದ. ಉದ್ದ ಮೂತಿ, ಹಿತ್ತಾಳೆ ದೀಪ, ಚರ್ಮದ ಸೀಟು, ನೋಡಲು ಮಾತ್ರ ನವಾಬನೇ. ಆದರೆ ಗಾಡಿಯ ಭಾರ ಹೊತ್ತು ಕುಲುಕು ತಡೆಯಬೇಕಾದ ಹಿಂದಿನ ಕಮಾನುಪಟ್ಟಿಗಳು ಸೀಳಿ ಸವೆದು, ಸುತ್ತಿದ ಹಗ್ಗದ ದಯೆಯಿಂದ ಜೀವ ಹಿಡಿದಿದ್ದವು. ಕಾಕಾ ಇದನ್ನು ಒಪ್ಪುವವನಲ್ಲ. "ಗಾಡಿ ಛಲೋ ಅದ, ಹಾದಿ ಖರಾಬ ಅದ" ಅನ್ನುತ್ತಿದ್ದ.

ಅವನ ಹಟ ಇಳಿಸಿದವಳು ನನ್ನ ಅಕ್ಕ. ನಾವು ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅದು. ಔರಾದ ತಾಲ್ಲೂಕಿನ ಎಕಂಬಾಕ್ಕೆ ಕೊಟ್ಟಿದ್ದ ಅಕ್ಕನಿಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಅವ್ವ ಕೋಣೆಗೆ ಸುಣ್ಣ ಹೊಡೆಸಿ, ಹಳೆಯ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುತ್ತ ಕಾಯುತ್ತಿದ್ದಳು. ಅಷ್ಟರಲ್ಲಿ ಅಕ್ಕನ ಅತ್ತೆಯಿಂದ "ಸೊಸೀನ್ನ ಕಳಸಂಗಿಲ್ಲ" ಎಂಬ ಮಾತು ಬಂತು. ಅವರು ಕೆಟ್ಟವರಲ್ಲ. ಕಮಲನಗರಕ್ಕೆ ಕೊಟ್ಟಿದ್ದ ಅವರ ಸ್ವಂತ ಮಗಳು ಹಿಂದೆ ಬಂಡಿಯಲ್ಲಿ ತವರಿಗೆ ಬರುವಾಗ, ಹಾದಿಯ ಕುಲುಕಿಗೆ ಹೊಟ್ಟೆಯ ಕೂಸನ್ನು ಕಳಕೊಂಡಿದ್ದಳು. ಆ ಅಂಜಿಕೆ ಅವರ ಎದೆಯಲ್ಲಿ ಕೂತುಬಿಟ್ಟಿತ್ತು.

"ಬಂಡಿ ಬ್ಯಾಡ, ಮೋಟಾರ ತರ್ತೇವಿ" ಎಂದು ಹೇಳಿ ಕಳಿಸಿದೆವು. "ಆ ಮೋಟಾರಕಿಂತ ಬಂಡಿನೇ ಛಲೋರಿ" ಎಂದು ಉತ್ತರ ಬಂತು. ಕಾಕಾನ ಗಾಡಿಯ ಕೀರ್ತಿ ಎಕಂಬಾದವರೆಗೂ ಮುಟ್ಟಿತ್ತು! ಅವ್ವ ಒಳಗೆ ಹೋಗಿ ಅತ್ತಳು. ಅವಳು ಅತ್ತದ್ದನ್ನು ನೋಡಿ ಕಾಕಾ ಅಂದು ರಾತ್ರಿ ಊಟಕ್ಕೆ ಏಳಲಿಲ್ಲ. ಮರುದಿನ ನನ್ನನ್ನು ಕೂರಿಸಿಕೊಂಡು ಸೀದಾ ಬೀದರಿಗೆ ಹೊರಟ.

ಬೀದರಿನ ಚೌಬಾರಾ ಗೋಪುರದ ಹಿಂದಿನ ಗಲ್ಲಿಯಲ್ಲಿ ಕಾಕಾನ ದೋಸ್ತನಾದ ಮೋಟಾರು ಮಿಸ್ತ್ರಿಯೊಬ್ಬನಿದ್ದ. ಅರ್ಧ ಕನ್ನಡ, ಅರ್ಧ ದಖನಿ ಉರ್ದು, ಬಾಯಿ ತುಂಬ ಪಾನು. ಉದಗೀರ ಹಾದಿಯಲ್ಲಿ ಹುಣಸೆಮರಕ್ಕೆ ಗುದ್ದಿ ಮೂತಿ ಕಳಕೊಂಡ ದೊಡ್ಡ ಹೊಸ ಕಾರೊಂದು ಅವನ ಅಂಗಳದಲ್ಲಿ ಬಿದ್ದಿತ್ತು. ಮುಂದಿನದೆಲ್ಲ ಪುಡಿ, ಹಿಂದಿನದೆಲ್ಲ ಗಟ್ಟಿ. ಕಾಕಾ ಅದರ ಸುತ್ತ ಹೆಣ್ಣು ನೋಡಲು ಬಂದವನಂತೆ ತಿರುಗಿದ.

"ಇದರ ಕಮಾನ ನಮ್ಮ ಗಾಡಿಗಿ ಕೂಡ್ತಾವೇನೊ?"

"ಯಾಕ ಕೂಡಂಗಿಲ್ಲ ಸಾಬ?" ಅಂದ ಮಿಸ್ತ್ರಿ. "ಹೈದರಾಬಾದ ಮುಲಕ ಮುರದು ಮೈಸೂರಿಗಿ ಕೂಡಸ್ಯಾರ. ಇದೇನ ದೊಡ್ಡದದ?"

ನಮ್ಮ ಗಾಡಿಯ ಹಿಂಭಾಗವನ್ನು ಎತ್ತಿ ಕೆಂಪು ಕಲ್ಲುಗಳ ಮೇಲೆ ನಿಲ್ಲಿಸಿದೆವು. ಹಗ್ಗ ಕೊಯ್ದದ್ದೇ ತಡ, ಹಳೆಯ ಪಟ್ಟಿಗಳು ಚೂರುಚೂರಾಗಿ ನನ್ನ ಕೈಗೇ ಬಂದವು. ಹೊಸವು ಗೇಣುದ್ದ ಜಾಸ್ತಿ ಇದ್ದದ್ದರಿಂದ ಕಮ್ಮಾರನ ಹತ್ತಿರ ಉದ್ದನೆಯ ಕೊಂಡಿ ಬಡಿಸಬೇಕಾಯಿತು. ಹೊಸ ಕಾರಿನ, ಕುಲುಕು ನುಂಗುವ ಎಣ್ಣೆ ತುಂಬಿದ ಶಾಕುಗಳನ್ನು ಕೂರಿಸಲು ನಮ್ಮ ಗಾಡಿಯಲ್ಲಿ ಜಾಗವೇ ಇರಲಿಲ್ಲ. ಮಿಸ್ತ್ರಿ ಬಂಡಿ ಗಾಲಿಯ ಕಬ್ಬಿಣದ ಪಟ್ಟಿ ತುಂಡರಿಸಿ, ತೂತು ಹೊಡೆದು ಅವಕ್ಕೂ ಒಂದು ಆಸರೆ ಮಾಡಿದ. ನಾನು ತಲೆಯಿಂದ ಕಾಲಿನತನಕ ಗ್ರೀಸು ಬಳಿದುಕೊಂಡು, ಜನ್ಮದಲ್ಲಿ ಇಷ್ಟು ಖುಷಿಯ ಕೆಲಸ ಮಾಡಿಲ್ಲವೆಂದು ಹಿಗ್ಗುತ್ತಿದ್ದೆ. ಇಳಿಸಿ ನೋಡಿದರೆ ಗಾಡಿಯ ಹಿಂಭಾಗ ಬಾಲ ಎತ್ತಿದ ಕರುವಿನ ಹಾಗೆ ಮೇಲೆ ನಿಂತಿತ್ತು. "ಮಂದಿ ಕೂತ ಮ್ಯಾಲ ಇಳೀತದ" ಅಂದ ಮಿಸ್ತ್ರಿ.

ಮಂದಿಗೇನು ಬರ! ನಮ್ಮ ಕಡೆ ಮೋಟಾರು ಖಾಲಿ ಹೋಗುವುದುಂಟೆ? ಭಾಲ್ಕಿಗೆ ಹೊರಟಿದೆ ಅಂದದ್ದೇ ತಡ, ಮಿಸ್ತ್ರಿ, ಅವನ ಭಾವಮೈದುನರು, ಪಾನಿನ ಅಂಗಡಿಯವನು, ಪೇರಲ ಬುಟ್ಟಿಯ ಮುದುಕಿ, ಎಲ್ಲರೂ ಹತ್ತಿದರು. ಹಾದಿಯಲ್ಲಿ ಕೈ ಮಾಡಿದವರೂ ಹತ್ತಿದರು. ಗಾಡಿ ತೊಟ್ಟಿಲಿನ ಹಾಗೆ ಸಾಗಿತು. ಕಾಕಾ ತಗ್ಗುಗಳನ್ನು ಹುಡುಕಿ ಹುಡುಕಿ ಅವುಗಳಲ್ಲೇ ಗಾಡಿ ಇಳಿಸುತ್ತಿದ್ದ. ಒಂದು ಪೇರಲವೂ ಬುಟ್ಟಿಯಿಂದ ಉರುಳಲಿಲ್ಲ.

ಎಕಂಬಾಕ್ಕೆ ಹೋಗುವ ದಿನ ಮಾತ್ರ ಕಾಕಾ ಯಾರನ್ನೂ ಹತ್ತಿಸಲಿಲ್ಲ. ಬಸುರಿ ಕೂಡುವ ಗಾಡಿ, ಹೊಲಸಾಗಬಾರದು. ತೊಳೆದು, ಹಿಂದಿನ ಸೀಟಿಗೆ ಅವ್ವನ ಕೌದಿ ಹಾಸಿ, ಹೊಸ ಕೋಟು ತೊಟ್ಟು ಹೊರಟ. ಮುಂದೆ ನಾವಿಬ್ಬರೇ. ಕಮಲನಗರ ದಾಟುವುದರೊಳಗೆ ನನ್ನ ತಲೆ ಎಷ್ಟೋ ಸಲ ಮೇಲಿನ ತಗಡಿಗೆ ಬಡಿದಿತ್ತು. "ಕಾಕಾ, ಗಾಡಿ ಕುಣೀಲತ್ತದ" ಅಂದೆ. "ಹಾದಿ ಖರಾಬ ಅದ" ಅಂದ ಕಾಕಾ, ಆದರೆ ಅವನ ಮುಖ ಸಪ್ಪಗಾಗಿತ್ತು.

ಎಕಂಬಾದಲ್ಲಿ ಚಹಾ ಕುಡಿಯುತ್ತ ಕಾಕಾ ಧೈರ್ಯ ತಂದುಕೊಂಡು ಬೀದರಿನ ಕತೆಯನ್ನೆಲ್ಲ ಬಣ್ಣಿಸಿದ. ಅತ್ತೆಯವರು ಎಲ್ಲ ಕೇಳಿ, ಒಳಗಿನಿಂದ ಒಂದು ಗಡಿಗೆ ಮಜ್ಜಿಗೆ ತಂದು ಹಿಂದಿನ ಸೀಟಿನ ಮೇಲೆ ಇಟ್ಟರು. ಕುತ್ತಿಗೆತನಕ ತುಂಬಿತ್ತು.

"ಊರ ಬಾವಿತನ ಹೋಗಿ ಬರ್ರಿ. ಮಜ್ಜಿಗಿ ಚೆಲ್ಲಲಿಲ್ಲಂದ್ರ ಸೊಸೀನ್ನ ಕಳಸ್ತೇನಿ."

ಬಾವಿಯತನಕ ಹೋಗುವುದೇ ಬೇಕಾಗಲಿಲ್ಲ. ಮೊದಲನೇ ತಗ್ಗಿಗೇ ಗಡಿಗೆ ಹಾರಿ, ಮಜ್ಜಿಗೆಯೆಲ್ಲ ಕಾಕಾನ ಹೊಸ ಕೋಟಿನ ಬೆನ್ನಿಗೆ ಬಂತು. ಊರಿಗೆ ಊರೇ ನಕ್ಕಿತು.

"ಬೀಗ್ತೇರ, ಕಮಾನ ಹೊಸಾವ್ರಿ ಅವು!" ಕಾಕಾನ ದನಿ ಅಳುವಿಗೆ ಬಂದಿತ್ತು.

"ಇರಬಹುದ್ರಿ. ಮಜ್ಜಿಗಿ ಅಂತೂ ಹೋತಲ್ರಿ."

ಅಷ್ಟು ಹೊತ್ತು ಬಾಗಿಲ ಹಿಂದೆ ನಿಂತಿದ್ದ ಅಕ್ಕ ಹೊಸ್ತಿಲಿಗೆ ಬಂದಳು. ಅತ್ತೆಯ ಎದುರು ಸೊಸೆ ಹಿರಿಯರ ಮಾತಿನಲ್ಲಿ ಬಾಯಿ ಹಾಕುವ ಕಾಲವಲ್ಲ ಅದು. ಆದರೆ ತವರಿನ ಆಸೆ ಅವಳ ಬಾಯಿ ಬಿಡಿಸಿತು.

"ಕಾಕಾ, ಬೀದರದಿಂದ ಬರುವಾಗ ಗಾಡ್ಯಾಗ ಎಷ್ಟ ಮಂದಿ ಇದ್ರಿ?"

"ಎಣಸೀನೇನವ್ವ? ಬಾಗಲಿಗಿ ಜೋತು ಬಿದ್ದಿದ್ರು."

"ಮತ್ತ ಇವತ್ತ ಇಬ್ಬರೇ ಬಂದೀರಿ. ದೊಡ್ಡ ಗಾಡಿ ಕಮಾನಲ್ಲ ಅವು? ಅವಕ್ಕ ತೂಕ ಸಾಲವಲ್ದು. ನಮ್ಮ ಬಂಡಿನೂ ಖಾಲಿ ಇದ್ದಾಗ ಹಿಂಗೇ ಕುಣೀತದ."

ಕಾಕಾ ಹಣೆ ಹಣೆ ಬಡಿದುಕೊಂಡ. ಗಡಿಗೆ ಮತ್ತೆ ತುಂಬಿ ಬಂತು. ನಗುತ್ತಿದ್ದ ಜನರನ್ನು ಎರಡನೇ ಸಲ ಕರೆಯಬೇಕಾಗಲಿಲ್ಲ, ಒಬ್ಬರ ಮೇಲೊಬ್ಬರು ಹತ್ತಿದರು. ಬಾವಿಯತನಕ ಹೋಗಿ ಬಂದೆವು. ಒಂದು ಹನಿಯೂ ಚೆಲ್ಲಿರಲಿಲ್ಲ.

ಅತ್ತೆಯವರು ಗಡಿಗೆಯ ಸುತ್ತ ಬೆರಳಾಡಿಸಿ ನೋಡಿದರು. "ಊರ ಮಂದೀನ್ನೆಲ್ಲ ಭಾಲ್ಕಿತನ ಒಯ್ತೀರೇನ್ರಿ?" ಅಂದರು. ಮಂದಿಯ ಬದಲು, ಹಿಂದೆ ಕಾಲಿಡುವ ಜಾಗಕ್ಕೆ ಉದ್ದಿನ ಚೀಲಗಳು ಬಂದವು. ಕಾಕಾ ಗಾಡಿಯ ಹಿಂಭಾಗ ಒತ್ತಿ ನೋಡಿ, "ಇನ್ನಾ ಸ್ವಲ್ಪ ಬೇಕ್ರಿ" ಅಂದ. ಅಂದವನು ಬೀಗ್ತಿಯ ಕಡೆ ನೋಡಿ ಗಪ್ಪನೆ ಬಾಯಿ ಮುಚ್ಚಿದ. ಅವರು ದಪ್ಪ ಆಳು. ಅವರೂ ಕಾಕಾನನ್ನು ನೋಡಿದರು. ಆಮೇಲೆ ಸೆರಗು ಸಿಕ್ಕಿಸಿ, ಗಡಿಗೆಗೆ ಬಟ್ಟೆ ಕಟ್ಟಿಸಿಕೊಂಡು ಹತ್ತಿ ಅಕ್ಕನ ಪಕ್ಕದಲ್ಲಿ ಕೂತೇಬಿಟ್ಟರು.

ಹಾದಿಯುದ್ದಕ್ಕೂ ಅವರ ಒಂದು ಕೈ ಗಡಿಗೆಯ ಮೇಲೆ, ಇನ್ನೊಂದು ಕೈ ಅಕ್ಕನ ಹೊಟ್ಟೆಯ ಮೇಲೆ. ಒಂದು ಹಳ್ಳದ ಹತ್ತಿರ ಅವರು ಅಕ್ಕನನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. ಅವರ ಮಗಳ ಬಂಡಿ ಅಂದು ಕುಲುಕಿ ಇಳಿದದ್ದು ಅಲ್ಲೇ. ಕಾಕಾ ನಡೆಯುವವರಿಗಿಂತ ಮೆಲ್ಲಗೆ ಗಾಡಿ ಇಳಿಸಿ ಹತ್ತಿಸಿದ. ಅಕ್ಕ ಅತ್ತೆಯ ಭುಜಕ್ಕೆ ಒರಗಿ ನಿದ್ದೆಹೋಗಿದ್ದಳು.

ಅವ್ವ ಆರತಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮಗಳ ಹಿಂದೆ ಬೀಗ್ತಿಯೂ ಇಳಿದದ್ದು ಕಂಡು ಅವಳಿಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಅತ್ತೆಯವರು ಗಡಿಗೆಯನ್ನು ಅವಳ ಕೈಗೆ ಕೊಟ್ಟರು. ಅದರ ಬಾಯಿಗೆ ಕಟ್ಟಿದ ಬಟ್ಟೆ ಒಣಗಿಯೇ ಇತ್ತು. ಆಮೇಲೆ ಕಾಕಾನ ಕಡೆ ತಿರುಗಿದರು. ಕಣ್ಣು ತುಂಬಿತ್ತು, ಮುಖ ನಗುತ್ತಿತ್ತು.

"ಕಮಲನಗರದಾಗ ನನ್ನ ಮಗಳಿಗಿ ಮತ್ತ ಐದು ತಿಂಗಳಾಗ್ಯಾವ್ರಿ. ಅಂಜಿ ಯಾರ ಮುಂದೂ ಹೇಳಿದ್ದಿಲ್ಲ. ಅಕೀನ್ನೂ ಇದೇ ಗಾಡ್ಯಾಗ ಕರಕೊಂಡ ಬರ್ರಿ. ತೂಕಕ್ಕ ನಾ ಬರ್ತೇನಿ."